ಡಿಸ್ಕು ದೊಡ್ಡದಾಯಿತು, ಜಾಗ ಹಿಗ್ಗಲಿಲ್ಲ: ‘ರೇಡ್’ ಸಮೂಹದ ತೊಡಕುಗಳೂ ಪರಿಹಾರಗಳೂ

ಸಮೀರವಾಡಿ: ಕಬ್ಬು ನುರಿಸುವ ಹಂಗಾಮು ಮುಗಿದು ಗಾಣಗಳು ನಿಂತ ಬಳಿಕ ರೋಲರುಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮುಂದಿನ ಹಂಗಾಮಿಗೆ ಯಂತ್ರಗಳನ್ನು ಅಣಿಗೊಳಿಸುವುದು ಸಕ್ಕರೆ ಕಾರ್ಖಾನೆಗಳಿರುವ ಊರುಗಳ ಪ್ರತಿವರ್ಷದ ಪದ್ಧತಿ. ಹಂಗಾಮಿನ ನಡುವೆ ಗಾಣಕ್ಕೆ ಕೈಹಚ್ಚುವ ಸಾಹಸವನ್ನು ಯಾರೂ ಮಾಡರು. ಗಣಕಯಂತ್ರಗಳ ವಿಷಯದಲ್ಲಿ ಮಾತ್ರ ಈ ಎಚ್ಚರ ಅಷ್ಟಾಗಿ ಕಾಣುವುದಿಲ್ಲ. ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗಲೇ ಸರ್ವರಿನ ಹಾರ್ಡ್ ಡಿಸ್ಕ್ ತುಂಬಿತೆಂದು ಹೊಸದನ್ನು ತಂದು ಜೋಡಿಸುವುದು, ಆಮೇಲೆ ಪರದೆಯ ಮೇಲೆ ಮೂಡುವ ಅಪರಿಚಿತ ಸಂದೇಶವನ್ನು ಕಂಡು ಕಂಗಾಲಾಗುವುದು ಎಲ್ಲ ಊರುಗಳಲ್ಲಿಯೂ ನಡೆಯಬಹುದಾದ ಸಂಗತಿ.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಈ ಭಾಗದಲ್ಲಿ ಡಿಸ್ಕಿನ ಮೇಲೆ ಏನೇನು ಕುಳಿತಿದೆ ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ರೈತನ ಕಬ್ಬಿನ ತೂಕ ಮತ್ತು ಬಿಲ್ಲು, ಪತ್ತಿನ ಸಹಕಾರ ಸಂಘಗಳ ಸಾಲದ ಖಾತೆ, ಮಹಾಲಿಂಗಪುರದ ಬೆಲ್ಲದ ಪೇಟೆಯ ದಲಾಲರ ಲೆಕ್ಕ, ಬನಹಟ್ಟಿಯ ಮಗ್ಗಗಳ ಸೀರೆಯ ವಿನ್ಯಾಸ, ಸ್ಟುಡಿಯೋಗಳಲ್ಲಿ ಹತ್ತಾರು ವರ್ಷಗಳ ಮದುವೆಯ ಚಿತ್ರಗಳು, ಎಲ್ಲವೂ ಅಲ್ಲಿವೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಸಂದಾಯವಾಗಬೇಕು. ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರುತ್ತದೆ. ತೂಕದ ದಾಖಲೆಯೇ ಕೈತಪ್ಪಿದರೆ ಯಾರಿಗೆ ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಉಳಿಯುವುದು ರೈತನ ಕಿಸೆಯಲ್ಲಿರುವ ಮಾಸಿದ ಚೀಟಿಯಲ್ಲಿ ಮಾತ್ರ.

ಆದ್ದರಿಂದಲೇ ಸ್ವಲ್ಪ ಮುಂದಾಲೋಚನೆಯುಳ್ಳ ಕಚೇರಿಗಳು ಒಂದೇ ಡಿಸ್ಕನ್ನು ನಂಬದೆ ‘ರೇಡ್’ ಎಂಬ ವ್ಯವಸ್ಥೆಯನ್ನು ಅಳವಡಿಸಿಕೊಂಡಿವೆ. ಹೆಸರನ್ನು ಕೇಳಿ ತೆರಿಗೆ ಇಲಾಖೆಯ ದಾಳಿ ನೆನಪಾಗಬೇಕಾಗಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಿಂದ ಈ ಹೆಸರು ಬಳಕೆಗೆ ಬಂದಿತು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಒಗ್ಗೂಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವುದು ಅದರ ಆಶಯ. ಇದಕ್ಕೆಂದೇ ಪ್ರತ್ಯೇಕ ಕಾರ್ಡು ಕೊಳ್ಳದೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಿಂದಲೇ ಡಿಸ್ಕುಗಳನ್ನು ಒಗ್ಗೂಡಿಸುವುದಾದರೆ ಅದು ತಂತ್ರಾಂಶ ರೇಡ್. ನೀಲ್ ಬ್ರೌನ್ ರೂಪಿಸಿದ ‘ಎಂಡಿ-ಆಡ್ಮ್’ ಎಂಬ ಆದೇಶ ಸಾಧನ ಇದರ ಕೀಲಿಕೈ. ಖರ್ಚು ಕಡಿಮೆ, ಯಂತ್ರ ಕೆಟ್ಟರೆ ಡಿಸ್ಕುಗಳನ್ನು ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಜೋಡಿಸಿ ಓದಬಹುದೆಂಬ ಅನುಕೂಲ ಬೇರೆ. ಸಣ್ಣ ಕಚೇರಿಗಳಿಗೆ ಇದೇ ಯೋಗ್ಯ ಎಂಬುದು ಈ ಲೇಖಕನ ಅಭಿಪ್ರಾಯ.

ಕಾಟಾದ ಲೆಕ್ಕ

ರೇಡ್-5 ಎಂಬ ಬಗೆಯನ್ನು ಅರಿಯಲು ಕಬ್ಬಿನ ಕಾಟಾದ ಲೆಕ್ಕವೇ ಸಾಕು. ಗಾಡಿ ಸಹಿತ ತೂಕ, ಖಾಲಿ ಗಾಡಿಯ ತೂಕ, ಕಬ್ಬಿನ ನಿವ್ವಳ ತೂಕ ಎಂಬ ಮೂರು ಅಂಕಿಗಳಲ್ಲಿ ಯಾವುದೇ ಒಂದು ಅಳಿಸಿಹೋದರೂ ಉಳಿದೆರಡರಿಂದ ಅದನ್ನು ಮತ್ತೆ ಪಡೆಯಬಹುದು. ಎರಡು ಅಳಿಸಿದರೆ ಮಾತ್ರ ಬ್ರಹ್ಮನೂ ಹೇಳಲಾರ. ರೇಡ್-5ರಲ್ಲಿ ನಡೆಯುವುದು ಇದೇ. ನಾಲ್ಕು ಡಿಸ್ಕುಗಳಿದ್ದರೆ ಮೂರರಷ್ಟು ಜಾಗದಲ್ಲಿ ಮಾಹಿತಿ, ಒಂದರಷ್ಟು ಜಾಗದಲ್ಲಿ ‘ಪ್ಯಾರಿಟಿ’ ಎಂಬ ತಾಳೆಯ ಅಂಕಿ. ಈ ತಾಳೆಯ ಅಂಕಿ ಒಂದೇ ಡಿಸ್ಕಿನಲ್ಲಿರದೆ ಸರದಿಯಂತೆ ನಾಲ್ಕರಲ್ಲಿಯೂ ಹಂಚಿಹೋಗಿರುತ್ತದೆ. ಒಂದು ಡಿಸ್ಕು ಸತ್ತರೆ ಉಳಿದ ಮೂರನ್ನು ಓದಿ ನಾಲ್ಕನೆಯದರಲ್ಲಿ ಏನಿತ್ತೆಂದು ಲೆಕ್ಕ ಹಾಕಲಾಗುತ್ತದೆ. ರೇಡ್-1 ಇನ್ನೂ ಸರಳ: ಎರಡು ಡಿಸ್ಕುಗಳಲ್ಲಿ ಒಂದೇ ಬರಹದ ಎರಡು ಪ್ರತಿ. ರೇಡ್-6ರಲ್ಲಿ ತಾಳೆಯ ಅಂಕಿಗಳು ಎರಡು. ಹೀಗಾಗಿ ಎರಡು ಡಿಸ್ಕುಗಳು ಒಟ್ಟಿಗೆ ಕೆಟ್ಟರೂ ನಿಭಾಯಿಸುತ್ತದೆ.

ಈಗ ಒಂದು ಕಚೇರಿಯನ್ನು ಊಹಿಸಿಕೊಳ್ಳೋಣ. 1 ಟೆರಾಬೈಟಿನ ನಾಲ್ಕು ಡಿಸ್ಕುಗಳ ರೇಡ್-5 ಸಮೂಹ ಅಲ್ಲಿದೆ. ಬಳಕೆಗೆ ದೊರೆಯುವ ಜಾಗ 3 ಟೆರಾಬೈಟ್. ತೂಕದ ಅಂಗಳದ ಕ್ಯಾಮೆರಾ ಚಿತ್ರಗಳು, ಸ್ಕ್ಯಾನು ಮಾಡಿದ ಉತಾರಗಳು ತುಂಬಿ ಜಾಗ ಸಾಲದಾಯಿತು. 4 ಟೆರಾಬೈಟಿನ ನಾಲ್ಕು ಹೊಸ ಡಿಸ್ಕುಗಳನ್ನು ತರಿಸಲಾಯಿತು. ಸಾಮಾನ್ಯ ವಿಧಾನವೆಂದರೆ ಹಳೆಯ ಒಂದನ್ನು ‘ಕೆಟ್ಟಿದೆ’ ಎಂದು ಗುರುತಿಸಿ ತೆಗೆದು, ಆ ಸ್ಥಾನದಲ್ಲಿ ಹೊಸದನ್ನು ಸೇರಿಸಿ, ಮರುನಿರ್ಮಾಣ ಪೂರ್ಣಗೊಳ್ಳುವವರೆಗೆ ಕಾದು, ಅನಂತರ ಎರಡನೆಯದಕ್ಕೆ ಕೈಹಾಕುವುದು. ಸೆಕೆಂಡಿಗೆ 100 ಮೆಗಾಬೈಟಿನಂತೆ ಓಡಿದರೂ 1 ಟೆರಾಬೈಟಿನ ಒಂದು ಸುತ್ತಿಗೆ ಸುಮಾರು ಮೂರು ತಾಸು ಬೇಕು. ನಾಲ್ಕು ಸುತ್ತುಗಳೆಂದರೆ ಒಂದು ಹಗಲು. ಸರ್ವರಿನಲ್ಲಿ ಬೇರೆ ಕೆಲಸವೂ ನಡೆಯುತ್ತಿದ್ದರೆ ಕಾಲಾವಧಿ ಎರಡು ಮೂರು ಪಟ್ಟಾಗುತ್ತದೆ.

ಇಲ್ಲಿ ಮರೆಯಬಾರದ ಮಾತೊಂದಿದೆ. ಪ್ರತಿ ಸುತ್ತಿನಲ್ಲಿಯೂ ಉಳಿದ ಮೂರು ಡಿಸ್ಕುಗಳ ಪ್ರತಿಯೊಂದು ಮೂಲೆಯನ್ನೂ ಓದಬೇಕಾಗುತ್ತದೆ, ಆ ತಾಸುಗಳಲ್ಲಿ ಸಮೂಹಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಹಳೆಯ ಕಡತವೊಂದರ ಕೆಳಗೆ ಅಡಗಿದ್ದ ಹಾಳಾದ ಸೆಕ್ಟರು ಹೊರಬೀಳುವುದು ಆಗಲೇ. ಯಂತ್ರದಲ್ಲಿ ಐದನೆಯ ಡಿಸ್ಕಿಗೆ ಜಾಗವಿದ್ದರೆ ಇದಕ್ಕಿಂತ ಉತ್ತಮ ದಾರಿಯೊಂದುಂಟು. 2012ರಲ್ಲಿ ಬಂದ ಲಿನಕ್ಸ್ ಕರ್ನಲ್ 3.3ರಿಂದ ‘ರಿಪ್ಲೇಸ್’ ಎಂಬ ಸೌಲಭ್ಯವಿದೆ. ಹಳೆಯ ಡಿಸ್ಕು ಸಮೂಹದಲ್ಲಿ ಇರುವಾಗಲೇ ಅದರ ಪ್ರತಿ ಹೊಸದರ ಮೇಲೆ ಮೂಡುತ್ತದೆ. ಪ್ರತಿ ಪೂರ್ಣವಾದ ಮೇಲಷ್ಟೇ ಹಳೆಯದು ಹೊರಬೀಳುತ್ತದೆ. ಹಳೆಯ ಡಿಸ್ಕಿನಲ್ಲಿ ಎಲ್ಲಿಯಾದರೂ ಓದಲಾಗದಿದ್ದರೆ ಆ ಭಾಗವನ್ನು ಮಾತ್ರ ಉಳಿದ ಮೂರರಿಂದ ಲೆಕ್ಕ ಹಾಕಲಾಗುತ್ತದೆ. ಕೇಬಲ್ಲಿನ ಖರ್ಚು ಇನ್ನೂರು ಮುನ್ನೂರು ರೂಪಾಯಿಯಾದರೂ ಈ ದಾರಿಯನ್ನೇ ಹಿಡಿಯಬೇಕು.

ಜಾಗ ಏಕೆ ಹಿಗ್ಗಲಿಲ್ಲ?

ನಾಲ್ಕೂ ಡಿಸ್ಕುಗಳು ಬದಲಾದವು. ಆದರೂ ಬಳಕೆಯ ಜಾಗ ಮೊದಲಿನಂತೆ 3 ಟೆರಾಬೈಟ್ ಎಂದೇ ತೋರಿಸುತ್ತಿದೆ. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದರೆ ಇದು ದೋಷವಲ್ಲ. ಮುಖ್ಯ ಕಾಲುವೆಯನ್ನು ಅಗಲಿಸಿದ ಮಾತ್ರಕ್ಕೆ ಹೊಲಕ್ಕೆ ನೀರು ಹೆಚ್ಚು ಬರುವುದಿಲ್ಲ. ಉಪಕಾಲುವೆ, ತೂಬು, ಹೊಲಗಾಲುವೆ ಎಲ್ಲವೂ ಹಿಗ್ಗಬೇಕು. ಗಣಕದಲ್ಲಿಯೂ ಹಾಗೆಯೇ. ಕೆಳಗಿನಿಂದ ಮೇಲಕ್ಕೆ ಡಿಸ್ಕು, ಅದರ ಮೇಲಿನ ವಿಭಾಗ, ರೇಡ್ ಸಮೂಹ, ಕೆಲವೆಡೆ ಎಲ್‌ವಿಎಂ ಎಂಬ ಇನ್ನೊಂದು ಪದರ, ಕೊನೆಗೆ ಕಡತ ವ್ಯವಸ್ಥೆ, ಹೀಗೆ ಪದರಗಳಿವೆ. ಜಾಗ ಹೆಚ್ಚಾಯಿತೆಂದು ಒಂದೊಂದು ಪದರಕ್ಕೂ ಪ್ರತ್ಯೇಕವಾಗಿ, ಕೆಳಗಿನಿಂದಲೇ ಆರಂಭಿಸಿ ತಿಳಿಸಬೇಕು.

ಮೊದಲನೆಯದು ವಿಭಾಗ. ಹಳೆಯ ಡಿಸ್ಕಿನ ವಿಭಾಗ ಪಟ್ಟಿಯನ್ನು ಯಥಾವತ್ತಾಗಿ ಹೊಸದಕ್ಕೆ ನಕಲು ಮಾಡುವುದು ಅನೇಕರ ರೂಢಿ. ಹಾಗೆ ಮಾಡಿದರೆ 4 ಟೆರಾಬೈಟಿನ ಡಿಸ್ಕಿನ ಮೇಲೆ 1 ಟೆರಾಬೈಟಿನ ವಿಭಾಗ ಮಾತ್ರ ಮೂಡಿ, ಉಳಿದ ಮೂರು ಪಾಲು ಬೀಳುಭೂಮಿಯಂತೆ ಬಿದ್ದಿರುತ್ತದೆ. ಮೇಲಾಗಿ ಎಂಬಿಆರ್ ಎಂಬ ಹಳೆಯ ಬಗೆಯ ಪಟ್ಟಿಗೆ ಸಾಮಾನ್ಯ ಡಿಸ್ಕುಗಳಲ್ಲಿ ಸುಮಾರು 2.2 ಟೆರಾಬೈಟಿನ ಆಚೆಗೆ ಎಣಿಸಲು ಬಾರದು. ದೊಡ್ಡ ಡಿಸ್ಕುಗಳಿಗೆ ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಯೇ ಬೇಕು. ಇದನ್ನು ಡಿಸ್ಕು ಸೇರಿಸುವ ಮೊದಲೇ ನೋಡಿಕೊಂಡರೆ ಒಂದು ದಿನದ ಕೆಲಸ ಉಳಿಯುತ್ತದೆ. ಜಿಪಿಟಿ ಪಟ್ಟಿಯಲ್ಲಿಯೇ ಚಿಕ್ಕ ವಿಭಾಗ ಮಾಡಿ ಸೇರಿಸಿಬಿಟ್ಟಿದ್ದರೆ ರೇಡಿನ ಗುರುತಿನ ಚೀಟಿಯಾದ ‘ಸೂಪರ್‌ಬ್ಲಾಕ್’ ಎಲ್ಲಿದೆ ಎಂಬುದರ ಮೇಲೆ ಪರಿಹಾರ ನಿಂತಿದೆ. 1.1 ಮತ್ತು 1.2ನೆಯ ಆವೃತ್ತಿಗಳಲ್ಲಿ ಅದು ವಿಭಾಗದ ಆರಂಭದಲ್ಲಿರುತ್ತದೆ. ಆಗ ಸಮೂಹವನ್ನು ನಿಲ್ಲಿಸಿ, ವಿಭಾಗದ ಆರಂಭವನ್ನು ಒಂದು ಸೆಕ್ಟರಿನಷ್ಟೂ ಕದಲಿಸದೆ ಕೊನೆಯನ್ನು ಮಾತ್ರ ಮುಂದಕ್ಕೆ ಸರಿಸಿ, ಮರಳಿ ಜೋಡಿಸುವಾಗ ‘ಡಿವೈಸ್‌ಸೈಜ್’ ಎಂಬ ಅಂಶವನ್ನು ನವೀಕರಿಸುವಂತೆ ಹೇಳಿದರೆ ಸಾಕು. 0.90 ಮತ್ತು 1.0ನೆಯ ಆವೃತ್ತಿಗಳಲ್ಲಿ ಸೂಪರ್‌ಬ್ಲಾಕ್ ಕೊನೆಯಲ್ಲಿರುತ್ತದೆ. ವಿಭಾಗದ ಕೊನೆ ಸರಿದ ಕೂಡಲೇ ವ್ಯವಸ್ಥೆ ಹೊಸ ಕೊನೆಯಲ್ಲಿ ಹುಡುಕಿ, ಏನೂ ಕಾಣದೆ, ಇದು ರೇಡಿನ ಸದಸ್ಯನೇ ಅಲ್ಲವೆಂದು ಬಿಡುತ್ತದೆ. ಅಂಥ ಕಡೆ ಒಂದೊಂದನ್ನೇ ತೆಗೆದು, ವಿಭಾಗವನ್ನು ಸರಿಪಡಿಸಿ, ಮತ್ತೆ ಸೇರಿಸುವುದೇ ಲೇಸು.

ಎರಡನೆಯದು ಸಮೂಹ. ಡಿಸ್ಕಿನ ಎಷ್ಟು ಭಾಗವನ್ನು ಬಳಸಬೇಕೆಂದು ಸೃಷ್ಟಿಯ ಕಾಲದಲ್ಲಿ ನಿರ್ಧಾರವಾಗಿರುತ್ತದೆ. ‘ಗ್ರೋ’ ಎಂಬ ಆದೇಶದೊಂದಿಗೆ ಗಾತ್ರವನ್ನು ‘ಮ್ಯಾಕ್ಸ್’ ಎಂದು ಕೊಟ್ಟಾಗ ಮಾತ್ರ ಅದು ಬದಲಾಗುತ್ತದೆ. ಸಮೂಹ ಹಿಗ್ಗುವುದು ತನ್ನ ಅತಿ ಚಿಕ್ಕ ಸದಸ್ಯನಷ್ಟೇ. ಮೂರು ಡಿಸ್ಕುಗಳನ್ನು ಬದಲಿಸಿ ನಾಲ್ಕನೆಯದನ್ನು ಮುಂದಿನ ತಿಂಗಳಿಗೆ ಬಿಟ್ಟರೆ ಒಂದು ಬೈಟಿನಷ್ಟೂ ಜಾಗ ಹೆಚ್ಚುವುದಿಲ್ಲ. ಹಳೆಯ ಆವೃತ್ತಿಗಳಲ್ಲಿ ‘ಬಿಟ್‌ಮ್ಯಾಪ್’ ಎಂಬ ಟಿಪ್ಪಣಿ ಇದ್ದರೆ ಗಾತ್ರ ಬದಲಿಸಲು ಸಮೂಹ ಒಪ್ಪದಿರಬಹುದು. ಅದನ್ನು ತಾತ್ಕಾಲಿಕವಾಗಿ ತೆಗೆದು, ಹಿಗ್ಗಿಸಿ, ಮತ್ತೆ ಸೇರಿಸಬೇಕು. ಹಿಗ್ಗಿಸಿದ ಬಳಿಕ ಹೊಸ ಪ್ರದೇಶಕ್ಕೆ ತಾಳೆಯ ಅಂಕಿಗಳನ್ನು ಬರೆಯುವ ಕಾರ್ಯ ಆರಂಭವಾಗುತ್ತದೆ. ಸೆಕೆಂಡಿಗೆ 150 ಮೆಗಾಬೈಟಿನಂತೆ ನಡೆದರೂ ಹೊಸ 3 ಟೆರಾಬೈಟಿಗೆ ಐದೂವರೆ ತಾಸು. ಈ ಅವಧಿಯಲ್ಲಿ ಸಮೂಹ ಕೆಲಸ ಮಾಡುತ್ತಲೇ ಇರುತ್ತದೆ, ನಿಧಾನವೆಂದು ಗಾಬರಿಯಾಗಿ ಯಂತ್ರವನ್ನು ಆರಿಸಬಾರದು.

ಕೊನೆಯದು ಕಡತ ವ್ಯವಸ್ಥೆ. ‘ಎಕ್ಸ್ಟ್-4’ ಇದ್ದರೆ ಅದರ ‘ರೀಸೈಜ್’ ಸಾಧನ, ‘ಎಕ್ಸ್‌ಎಫ್‌ಎಸ್’ ಇದ್ದರೆ ಅದರದೇ ‘ಗ್ರೋ’ ಸಾಧನ. ಎರಡೂ ಕಡತಗಳು ತೆರೆದಿರುವಾಗಲೇ ಕೆಲಸ ಮಾಡಬಲ್ಲವು. ನಡುವೆ ಎಲ್‌ವಿಎಂ ಇದ್ದರೆ ಮೊದಲು ಅದರ ಭೌತಿಕ ಪರಿಮಾಣವನ್ನೂ ಆಮೇಲೆ ತಾರ್ಕಿಕ ಪರಿಮಾಣವನ್ನೂ ಹಿಗ್ಗಿಸಬೇಕು. ಇಷ್ಟಾದ ಮೇಲೆಯೇ ಪರದೆಯಲ್ಲಿ 12 ಟೆರಾಬೈಟ್ ಕಾಣುವುದು. 12ರ ಬದಲು 10.9 ಕಂಡರೆ ಅದು ಕಳ್ಳತನವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಗಣಕ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಹೊಸ ಡಿಸ್ಕು ಹಳೆಯದಕ್ಕಿಂತ ‘ಚಿಕ್ಕದು’ ಎಂದು ಸಮೂಹ ತಿರಸ್ಕರಿಸುವ ವಿಚಿತ್ರ ಪ್ರಸಂಗವೂ ಉಂಟು. ಒಂದೇ ಗಾತ್ರದ ಕೆಟ್ಟ ಡಿಸ್ಕನ್ನು ಬದಲಿಸುವಾಗ ಇದು ಕಾಣುತ್ತದೆ. ಒಂದೇ ಗಾತ್ರವೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಬೇರೆ ಬೇರೆ ತಯಾರಿಕೆಗಳಲ್ಲಿ ಕೆಲವು ಸೆಕ್ಟರುಗಳ ವ್ಯತ್ಯಾಸವಿರಬಹುದು. ಹೊಸ ಡಿಸ್ಕುಗಳ ಮೇಲೆ ವಿಭಾಗ ರಚಿಸುವಾಗಲೇ ಕೊನೆಯಲ್ಲಿ ನೂರು ಮೆಗಾಬೈಟಿನಷ್ಟು ಖಾಲಿ ಬಿಟ್ಟರೆ ಮುಂದೆ ಈ ಪೇಚಿಗೆ ಸಿಲುಕಬೇಕಾಗಿಲ್ಲ.

ನಡುದಾರಿಯಲ್ಲಿ ಡಿಸ್ಕು ಹೊರಬಿದ್ದಾಗ

ಲಿನಕ್ಸಿನಲ್ಲಿ ರೇಡಿನ ಸ್ಥಿತಿಯನ್ನು ತೋರಿಸುವ ‘ಎಂಡಿಸ್ಟ್ಯಾಟ್’ ಎಂಬ ಕಡತವಿದೆ. ನಾಲ್ಕು ಡಿಸ್ಕುಗಳೂ ಸರಿಯಿದ್ದರೆ ಅದರಲ್ಲಿ ನಾಲ್ಕು ‘ಯು’ ಅಕ್ಷರಗಳು ಕಾಣುತ್ತವೆ. ಒಂದರ ಜಾಗದಲ್ಲಿ ಬರಿಯ ಅಡಿಗೆರೆ ಕಂಡರೆ ಆ ಡಿಸ್ಕು ಹೊರಬಿದ್ದಿದೆಯೆಂದು ತಿಳಿಯಬೇಕು. ಹೊರಬಿದ್ದ ಡಿಸ್ಕೆಲ್ಲ ಕೆಟ್ಟ ಡಿಸ್ಕಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅಂಗಡಿಗೆ ಓಡುವ ಮೊದಲು ಕರ್ನಲ್ಲಿನ ಸಂದೇಶಗಳನ್ನೂ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ದಾಖಲೆಯನ್ನೂ ಓದಬೇಕು.

ಸ್ಮಾರ್ಟ್ ದಾಖಲೆಯಲ್ಲಿ ಹತ್ತಾರು ಅಂಕಿಗಳಿರುತ್ತವೆ; ನಾಲ್ಕನ್ನು ನೋಡಿದರೆ ಸಾಕು. 5ನೆಯದು ಬದಲಿಸಿದ ಸೆಕ್ಟರುಗಳ ಸಂಖ್ಯೆ. 197 ಮತ್ತು 198 ಓದಲಾಗದೆ ಬಾಕಿ ಉಳಿದ ಸೆಕ್ಟರುಗಳನ್ನು ಸೂಚಿಸುತ್ತವೆ. ಇವು ಏರುತ್ತಿದ್ದರೆ ಡಿಸ್ಕಿನ ಮೇಲ್ಮೈಯೇ ಹಾಳಾಗುತ್ತಿದೆ. 199ನೆಯದು ಮಾತ್ರ ಏರುತ್ತಿದ್ದರೆ ತಪ್ಪು ಬಹುಶಃ ಡಿಸ್ಕಿನದಲ್ಲ, ಕೇಬಲ್ಲಿನದು. ಡಿಸ್ಕು ಬದಲಿಸುವ ಗಡಿಬಿಡಿಯಲ್ಲಿ ಪಕ್ಕದ ಡಿಸ್ಕಿನ ಕೇಬಲ್ಲು ಸಡಿಲಾಗುವುದು ಅತಿ ಸಾಮಾನ್ಯ. ನುರಿಸುವ ಕಾಲದಲ್ಲಿ ಬಗಾಸಿನ ದೂಳೂ ಹೊಲಗಳಲ್ಲಿ ಸುಡುವ ರವದಿಯ ಬೂದಿಯೂ ಗಾಳಿಯಲ್ಲಿ ತೇಲುವ ಊರುಗಳಲ್ಲಿ ಕನೆಕ್ಟರುಗಳನ್ನು ಒಮ್ಮೆ ಬಿಚ್ಚಿ ಶುಚಿಗೊಳಿಸಿ ಗಟ್ಟಿಯಾಗಿ ಕೂಡಿಸುವುದರಿಂದಲೇ ಎಷ್ಟೋ ‘ಸತ್ತ’ ಡಿಸ್ಕುಗಳು ಎದ್ದು ಕುಳಿತಾವು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯೂ ಸಂಶಯಕ್ಕೆ ಅರ್ಹ. ಎಲ್ಲ ಡಿಸ್ಕುಗಳೂ ಒಟ್ಟಿಗೆ ತಿರುಗಲಾರಂಭಿಸುವಾಗ ಅಗತ್ಯವಾದ ಶಕ್ತಿಯನ್ನು ಹಳೆಯ ಪೆಟ್ಟಿಗೆ ಕೊಡಲಾರದಿದ್ದರೆ ಯಾವುದೋ ಒಂದು ಡಿಸ್ಕು ಕ್ಷಣಕಾಲ ಮೂರ್ಛೆ ಹೋಗುತ್ತದೆ, ರೇಡ್ ಅದನ್ನು ಹೊರಹಾಕುತ್ತದೆ.

ಇನ್ನೊಂದು ಕಾರಣ ಸ್ವಲ್ಪ ಸೂಕ್ಷ್ಮವಾದುದು. ಓದಲಾಗದ ಸೆಕ್ಟರು ಎದುರಾದಾಗ ಮನೆಬಳಕೆಯ ಅಗ್ಗದ ಡಿಸ್ಕು ಛಲ ಬಿಡದೆ ಎರಡು ಮೂರು ನಿಮಿಷಗಳವರೆಗೂ ಮರಳಿ ಮರಳಿ ಯತ್ನಿಸಬಹುದು. ಲಿನಕ್ಸ್ ಕರ್ನಲ್ ಕಾಯುವುದು 30 ಸೆಕೆಂಡು ಮಾತ್ರ. ಉತ್ತರ ಬಾರದಿದ್ದಾಗ ಸಂಪರ್ಕವನ್ನೇ ಕಡಿದು ಹೊಸದಾಗಿ ಆರಂಭಿಸಲು ನೋಡುತ್ತದೆ, ಅದೂ ಫಲಿಸದಿದ್ದರೆ ಡಿಸ್ಕು ಹೋಯಿತೆಂದು ಸಾರುತ್ತದೆ. ರೇಡಿಗೆಂದೇ ತಯಾರಾದ ಡಿಸ್ಕುಗಳು ಸಾಮಾನ್ಯವಾಗಿ 7 ಸೆಕೆಂಡುಗಳಲ್ಲಿ ಸೋಲೊಪ್ಪಿಕೊಳ್ಳುತ್ತವೆ. ಆಗ ರೇಡ್ ಉಳಿದ ಡಿಸ್ಕುಗಳಿಂದ ಆ ಭಾಗವನ್ನು ಲೆಕ್ಕ ಹಾಕಿ ಅದೇ ಜಾಗದಲ್ಲಿ ಮರಳಿ ಬರೆದು ಗಾಯವನ್ನು ಮಾಯಿಸುತ್ತದೆ. ಒಂದು ಸೆಕ್ಟರಿನ ತೊಂದರೆಗೆ ಇಡೀ ಡಿಸ್ಕನ್ನು ಕಳೆದುಕೊಳ್ಳುವುದೂ ಕಳೆದುಕೊಳ್ಳದಿರುವುದೂ ಈ ಎರಡು ಅಂಕಿಗಳಲ್ಲಿದೆ. ಡಿಸ್ಕಿನಲ್ಲಿ ಈ ಮಿತಿಯನ್ನು ನಿಗದಿಪಡಿಸುವ ಸೌಲಭ್ಯವಿದ್ದರೆ 7 ಸೆಕೆಂಡಿಗೆ ಇಳಿಸಬೇಕು. ಯಂತ್ರ ಆರಿಸಿದಾಗ ಅನೇಕ ಡಿಸ್ಕುಗಳು ಇದನ್ನು ಮರೆಯುವುದರಿಂದ ಪ್ರತಿ ಆರಂಭದಲ್ಲಿಯೂ ಹೇಳಬೇಕಾಗುತ್ತದೆ. ಸೌಲಭ್ಯವಿಲ್ಲದಿದ್ದರೆ ಕರ್ನಲ್ಲಿನ ತಾಳ್ಮೆಯನ್ನು 180 ಸೆಕೆಂಡಿಗೆ ಏರಿಸಬೇಕು.

ಹೊಸ ಡಿಸ್ಕು ಕೊಳ್ಳುವವರು ‘ಎಸ್‌ಎಂಆರ್’ ಎಂಬ ಮೂರಕ್ಷರವನ್ನು ಅರಿತಿರಬೇಕು. ಮಾಡಿನ ಹೆಂಚುಗಳಂತೆ ಬರಹದ ಪಥಗಳು ಒಂದರ ಮೇಲೊಂದು ಅಂಚು ಹೊದ್ದು ಕೂರುವ ತಂತ್ರವಿದು. ಕಡಿಮೆ ಜಾಗದಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ, ಆದರೆ ಒಂದು ಪಥವನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನಬಳಕೆಯಲ್ಲಿ ಇದು ಗೊತ್ತಾಗದು, ರೇಡಿನ ಮರುನಿರ್ಮಾಣದಂಥ ಸತತ ಬರಹದಲ್ಲಿ ಮಾತ್ರ ಡಿಸ್ಕು ಏದುಸಿರು ಬಿಟ್ಟು, ತಾಸುಗಳ ಕೆಲಸ ದಿನಗಳಿಗೆ ಹೋಗುತ್ತದೆ, ಕೆಲವೊಮ್ಮೆ ಸಮೂಹದಿಂದಲೇ ಹೊರಬೀಳುತ್ತದೆ. ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ರೆಡ್’ ಶ್ರೇಣಿಯ 2ರಿಂದ 6 ಟೆರಾಬೈಟಿನ ಕೆಲವು ಮಾದರಿಗಳಲ್ಲಿ ಈ ತಂತ್ರವಿರುವುದು 2020ರ ಏಪ್ರಿಲ್‌ನಲ್ಲಿ ಬಹಿರಂಗವಾದಾಗ ಜಗತ್ತಿನಾದ್ಯಂತ ಬಳಕೆದಾರರು ಸಿಡಿದೆದ್ದಿದ್ದರು. ಅಂಥ ಶ್ರೇಣಿಯನ್ನು ಸಂಗ್ರಹ ಸರ್ವರುಗಳಿಗೆಂದೇ ಮಾರಲಾಗುತ್ತಿತ್ತು. ಬಳಿಕ ಕಂಪನಿ ತನ್ನ ಮಾದರಿಗಳ ಪಟ್ಟಿಯನ್ನು ಪ್ರಕಟಿಸಿತು. ರೇಡಿಗೆ ಬೇಕಾದುದು ‘ಸಿಎಂಆರ್’ ಡಿಸ್ಕು. ಕೊಳ್ಳುವ ಮುನ್ನ ಮಾದರಿ ಸಂಖ್ಯೆಯನ್ನು ತಯಾರಕರ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು.

ಮರುದಿನ ಯಂತ್ರ ಏಳದಿದ್ದರೆ

ಎಲ್ಲ ಸರಿಯಾಯಿತೆಂದು ಮನೆಗೆ ಹೋಗಿ ಬೆಳಿಗ್ಗೆ ಬಂದು ನೋಡಿದರೆ ಸರ್ವರು ಕಪ್ಪು ಪರದೆಯ ಮೇಲೆ ಒಂದು ಸಾಲು ತೋರಿಸಿ ನಿಂತಿದೆ. ಕಾರ್ಯಾಚರಣ ವ್ಯವಸ್ಥೆಯೂ ಇದೇ ಡಿಸ್ಕುಗಳ ಮೇಲೆ ಇರುವಲ್ಲಿ ಆರಂಭಕ ತಂತ್ರಾಂಶವಾದ ‘ಗ್ರಬ್’ ಹಳೆಯ ಮೊದಲ ಡಿಸ್ಕಿನ ಮೇಲೆ ಮಾತ್ರ ಇದ್ದು, ಆ ಡಿಸ್ಕು ಈಗ ಮೇಜಿನ ಮೇಲೆ ಮಲಗಿರುವುದೇ ಇದರ ಕಾರಣ. ರೇಡ್ ತನ್ನೊಳಗಿನ ಮಾಹಿತಿಯನ್ನು ಹೊಸ ಡಿಸ್ಕಿಗೆ ಕೊಂಡೊಯ್ಯುತ್ತದೆಯೇ ಹೊರತು ಅದರ ಹೊರಗಿರುವ ಆರಂಭಕವನ್ನಲ್ಲ. ಹೊಸ ಡಿಸ್ಕು ಪ್ರತಿಯೊಂದರ ಮೇಲೂ ಗ್ರಬ್ಬನ್ನು ಸ್ಥಾಪಿಸುವುದೇ ಪರಿಹಾರ.

ಯಂತ್ರ ಎದ್ದರೂ ಸಮೂಹ ಬೇರೆ ಹೆಸರಿನಿಂದ ಬರುವುದುಂಟು. ‘ಎಂಡಿ 0’ ಎಂದಿದ್ದುದು ‘ಎಂಡಿ 127’ ಆಗಿಬಿಡುತ್ತದೆ. ಆರಂಭದ ಹಂತದಲ್ಲಿ ಬಳಕೆಯಾಗುವ ಪುಟ್ಟ ಕಡತ ವ್ಯವಸ್ಥೆಯೊಳಗಿನ ಸಂರಚನಾ ಕಡತದಲ್ಲಿ ಈ ಸಮೂಹದ ವಿವರವಿಲ್ಲದಿದ್ದಾಗ ಹೀಗಾಗುತ್ತದೆ. ಮಾಹಿತಿಗೆ ಯಾವ ಹಾನಿಯೂ ಇಲ್ಲ. ಸಂರಚನಾ ಕಡತದಲ್ಲಿ ಸಮೂಹದ ಗುರುತಿನ ಸಂಖ್ಯೆಯನ್ನು ಬರೆದು, ಆರಂಭಿಕ ಚಿತ್ರಿಕೆಯನ್ನು ಮತ್ತೆ ರಚಿಸಿದರೆ ಸರಿಹೋಗುತ್ತದೆ. ಬೇರೆಲ್ಲಿಯೋ ರೇಡಿನಲ್ಲಿದ್ದ ಹಳೆಯ ಡಿಸ್ಕನ್ನು ತಂದು ಸೇರಿಸಿದ್ದರೆ ಅದರ ಮೇಲಿನ ಹಳೆಯ ಸೂಪರ್‌ಬ್ಲಾಕ್ ಕೂಡ ಗೊಂದಲವೆಬ್ಬಿಸಿ, ಇಲ್ಲದ ಸಮೂಹವೊಂದು ಅರೆಬರೆಯಾಗಿ ಎದ್ದು ನಿಲ್ಲುತ್ತದೆ. ಸೇರಿಸುವ ಮುನ್ನವೇ ಅದನ್ನು ಅಳಿಸಬೇಕು. ಅಳಿಸುವ ಮುನ್ನ ಡಿಸ್ಕಿನ ಕ್ರಮಸಂಖ್ಯೆಯನ್ನು ಎರಡು ಬಾರಿ ಓದಬೇಕು, ಏಕೆಂದರೆ ಲಿನಕ್ಸ್ ಕೊಡುವ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ಪ್ರತಿ ಆರಂಭದಲ್ಲಿಯೂ ಅದಲುಬದಲಾಗಬಹುದು.

ಎರಡು ಡಿಸ್ಕುಗಳು ಹೋದಾಗ

ಈಗ ಅತಿ ಕಠಿಣವಾದ ಸಂದರ್ಭ. ಎರಡನೆಯ ಡಿಸ್ಕನ್ನು ಬದಲಿಸುವಾಗ ಮರುನಿರ್ಮಾಣ ಶೇ. 80 ಮುಗಿದಿದ್ದಾಗ ಹಳೆಯ ಇನ್ನೊಂದು ಡಿಸ್ಕು ಹೊರಬಿದ್ದಿತು, ಸಮೂಹ ನಿಂತಿತು. ಇಂಥ ಹೊತ್ತಿನಲ್ಲಿ ಮಾಹಿತಿಯನ್ನು ಕೊಲ್ಲುವುದು ಡಿಸ್ಕಿಗಿಂತ ಹೆಚ್ಚಾಗಿ ಮುಂದಿನ ಹತ್ತು ನಿಮಿಷಗಳಲ್ಲಿ ಮನುಷ್ಯನ ಕೈಯಿಂದ ಟೈಪಾಗುವ ಆದೇಶ. ಅದರಲ್ಲಿಯೂ ‘ಕ್ರಿಯೇಟ್’ ಎಂಬ ಆದೇಶ. ಅದೇ ಡಿಸ್ಕುಗಳಿಂದ ಸಮೂಹವನ್ನು ಹೊಸದಾಗಿ ಸೃಷ್ಟಿಸಿದರೆ ಹಳೆಯ ಮಾಹಿತಿ ಮರಳಿ ಕಾಣುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಅನೇಕರು ಹೀಗೆ ಮಾಡುತ್ತಾರೆ. ಡಿಸ್ಕುಗಳ ಅನುಕ್ರಮ, ತುಂಡಿನ ಗಾತ್ರ, ಮಾಹಿತಿ ಆರಂಭವಾಗುವ ಸ್ಥಾನ, ಸೂಪರ್‌ಬ್ಲಾಕಿನ ಆವೃತ್ತಿ ಎಲ್ಲವೂ ಮೊದಲಿನಂತೆಯೇ ಇದ್ದರೆ ಮಾತ್ರ ಅದು ಸಾಧ್ಯ. ಈ ಸಾಧನದ ಸ್ವಯಂ ಆಯ್ಕೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ. ತುಂಡಿನ ಗಾತ್ರ ಒಂದು ಕಾಲಕ್ಕೆ 64 ಕಿಲೋಬೈಟ್ ಇದ್ದುದು ಅನಂತರ 512 ಆಯಿತು. ಒಂದು ಅಂಶ ತಪ್ಪಿದರೂ ಹೊಸ ತಾಳೆಯ ಅಂಕಿಗಳು ಹಳೆಯ ಮಾಹಿತಿಯ ಮೇಲೆಯೇ ಬರೆಯಲ್ಪಟ್ಟು, ಅಲ್ಲಿಯವರೆಗೆ ಬದುಕಿಸಬಹುದಾಗಿದ್ದ ಸಮೂಹ ನಿಜವಾಗಿ ಸಾಯುತ್ತದೆ.

ಮೊದಲು ಮಾಡಬೇಕಾದುದು ಕೈಕಟ್ಟಿ ಕುಳಿತುಕೊಳ್ಳುವುದು. ಆಮೇಲೆ ‘ಎಕ್ಸಾಮಿನ್’ ಎಂಬ, ಓದುವುದನ್ನು ಬಿಟ್ಟು ಬೇರೇನೂ ಮಾಡದ ಆದೇಶದಿಂದ ಪ್ರತಿ ಡಿಸ್ಕಿನ ಸೂಪರ್‌ಬ್ಲಾಕನ್ನು ಓದಿ, ಅದನ್ನೆಲ್ಲ ಬೇರೆ ಯಂತ್ರದಲ್ಲಿ ಉಳಿಸಿಕೊಳ್ಳಬೇಕು. ಕಾಗದದ ಮೇಲೆ ಮುದ್ರಿಸಿಕೊಂಡರೆ ಇನ್ನೂ ಲೇಸು. ಅದರಲ್ಲಿ ‘ಈವೆಂಟ್ಸ್’ ಎಂಬ ಎಣಿಕೆ ಇರುತ್ತದೆ. ಸಮೂಹದ ಸ್ಥಿತಿ ಬದಲಾದಂತೆ ಇದು ಏರುತ್ತಾ ಹೋಗುತ್ತದೆ. ಹೊರಬಿದ್ದ ಡಿಸ್ಕಿನ ಎಣಿಕೆ ಅಲ್ಲಿಯೇ ನಿಲ್ಲುತ್ತದೆ. ಉಳಿದವುಗಳದು 5120 ಇದ್ದು ಈಗಷ್ಟೇ ಹೊರಬಿದ್ದುದರದು 5116 ಇದ್ದರೆ ಅವುಗಳ ನಡುವೆ ಹೆಚ್ಚೇನೂ ನಡೆದಿಲ್ಲ. ‘ಅಸೆಂಬಲ್’ ಆದೇಶದೊಂದಿಗೆ ‘ಫೋರ್ಸ್’ ಸೇರಿಸಿ, ಅರೆಬರೆ ತುಂಬಿದ ಹೊಸ ಡಿಸ್ಕನ್ನು ಹೊರಗಿಟ್ಟು, ಪೂರ್ಣ ಮಾಹಿತಿಯುಳ್ಳ ಮೂರನ್ನು ಜೋಡಿಸಬಹುದು. ವಾರಗಳ ಹಿಂದೆಯೇ ಹೊರಬಿದ್ದು ಯಾರ ಗಮನಕ್ಕೂ ಬಾರದಿದ್ದ ಡಿಸ್ಕಿನ ಎಣಿಕೆ ಬಹಳ ಹಿಂದಿರುತ್ತದೆ. ಅದನ್ನು ಸೇರಿಸಿದರೆ ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಬೆರೆತು ಎರಡೂ ಸುಳ್ಳಾಗುತ್ತವೆ.

ಹೊರಬಿದ್ದ ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳು ನಿಜವಾಗಿಯೂ ಇದ್ದರೆ ಮೊದಲು ‘ಡಿಡಿ-ರೆಸ್ಕ್ಯೂ’ ಎಂಬ ಸಾಧನದಿಂದ ಅದರ ಪ್ರತಿಯನ್ನು ಒಳ್ಳೆಯ ಡಿಸ್ಕಿಗೆ ತೆಗೆಯಬೇಕು. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಬಾಚಿಕೊಂಡು, ಹಟಮಾರಿ ಸೆಕ್ಟರುಗಳನ್ನು ಕೊನೆಗೆ ಮತ್ತೆ ಮತ್ತೆ ಯತ್ನಿಸುತ್ತದೆ. ಬಳಿಕ ಮೂಲವನ್ನು ಬದಿಗಿಟ್ಟು ಪ್ರತಿಯಿಂದಲೇ ಸಮೂಹವನ್ನು ಜೋಡಿಸಬೇಕು. ನಾಲ್ಕಾರು ಸೆಕ್ಟರುಗಳು ಖಾಲಿ ಉಳಿದರೆ ಯಾವುದೋ ಒಂದೆರಡು ಕಡತಗಳು ಹಾಳಾದಾವು, ಇಡೀ ಖಾತೆ ಪುಸ್ತಕವಲ್ಲ. ಜೋಡಣೆಯಾದೊಡನೆ ಓದಲು ಮಾತ್ರ ತೆರೆದು, ಮುಖ್ಯವಾದುದನ್ನು ಹೊರಗೆ ನಕಲು ಮಾಡಿಕೊಂಡು, ಆಮೇಲಷ್ಟೇ ಮರುನಿರ್ಮಾಣದ ಯೋಚನೆ ಮಾಡಬೇಕು.

ಒಂದು ಡಿಸ್ಕು ಇಲ್ಲದಿರುವಾಗಲೇ ಕರೆಂಟು ಹೋದರೆ ಸಮೂಹ ಆರಂಭವಾಗಲು ಒಪ್ಪದಿರುವುದು ಇದರ ಇನ್ನೊಂದು ಮುಖ. ಮಾಹಿತಿ ಬರೆದು ತಾಳೆಯ ಅಂಕಿ ಬರೆಯುವ ಮೊದಲೇ ವಿದ್ಯುತ್ ನಿಂತಿದ್ದರೆ ಎರಡಕ್ಕೂ ಹೊಂದಿಕೆಯಾಗದು, ಹಾಗೆ ಆಗಿರಬಹುದೆಂಬ ಸಂಶಯದಿಂದಲೇ ಅದು ಹಿಂಜರಿಯುತ್ತದೆ. ಇಲ್ಲಿಯೂ ಬಲವಂತದ ಜೋಡಣೆ ನಡೆಯುತ್ತದೆ, ಆದರೆ ಕಡತ ವ್ಯವಸ್ಥೆಯ ತಪಾಸಣೆ ಮಾಡದೆ ಬಳಸಬಾರದು. ಡಿಸ್ಕು ಬದಲಿಸುವ ದಿನ ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ಮೊದಲೇ ಪರೀಕ್ಷಿಸಿ ನೋಡಬೇಕು.

ತಯಾರಕರ ವಿವರಣಾ ಪತ್ರದಲ್ಲಿ ಸಾಧಾರಣ ಡಿಸ್ಕುಗಳಿಗೆ ‘10ರ 14ನೆಯ ಘಾತದಷ್ಟು ಬಿಟ್ ಓದಿದರೆ ಒಂದಕ್ಕಿಂತ ಕಡಿಮೆ ದೋಷ’ ಎಂಬ ಸಾಲಿರುತ್ತದೆ. ಆ ಸಂಖ್ಯೆ 12.5 ಟೆರಾಬೈಟಿಗೆ ಸಮ. 4 ಟೆರಾಬೈಟಿನ ನಾಲ್ಕು ಡಿಸ್ಕುಗಳ ರೇಡ್-5ರಲ್ಲಿ ಒಂದು ಕೆಟ್ಟರೆ ಓದಬೇಕಾದುದು 12 ಟೆರಾಬೈಟ್. ಇದು ಗರಿಷ್ಠ ಮಿತಿ, ಒಳ್ಳೆಯ ಡಿಸ್ಕುಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ನಡೆದುಕೊಳ್ಳುತ್ತವೆ ಎಂಬುದು ನಿಜ. ಆದರೂ ದೊಡ್ಡ ಡಿಸ್ಕುಗಳಿಗೆ ಹೋಗುವವರು ರೇಡ್-6ನ್ನೋ ಎರಡೆರಡು ಪ್ರತಿಯ ರೇಡ್-10ನ್ನೋ ಆರಿಸಿಕೊಂಡು ಜಾಗದ ಆಸೆಯನ್ನು ತುಸು ಬಿಡುವುದು ಒಳಿತು.

ರೇಡ್ ಪ್ರತ್ಯೇಕ ನಕಲಿಗೆ ಬದಲಿಯಲ್ಲ ಎಂಬುದನ್ನು ಎಷ್ಟು ಬಾರಿ ಹೇಳಿದರೂ ಸಾಲದು. ತಪ್ಪಾಗಿ ಅಳಿಸಿದ ಕಡತವನ್ನು ಅದು ನಾಲ್ಕೂ ಡಿಸ್ಕುಗಳಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕುಗಳ ಊರುಗಳಿಗೆ ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಒಂದೇ ಪೆಟ್ಟಿಗೆಯಲ್ಲಿರುವ ನಾಲ್ಕು ಡಿಸ್ಕುಗಳು ನೀರಿಗೆ ಒಂದೇ ಲೆಕ್ಕ. ತೂಕ ಮತ್ತು ಬಿಲ್ಲಿನ ಮೂಲ ದಾಖಲೆಗಳಷ್ಟನ್ನೇ ಲೆಕ್ಕ ಹಾಕಿದರೆ ಅವು ಕೆಲವು ಗಿಗಾಬೈಟುಗಳನ್ನು ಮೀರುವುದು ಅಪರೂಪ. ಕ್ಯಾಮೆರಾ ಚಿತ್ರಗಳಿಗೆ ನಕಲು ಇಲ್ಲದಿದ್ದರೂ ನಡೆದೀತು, ಇವನ್ನಾದರೂ ದಿನವೂ ಒಂದು ಹೊರ ಡಿಸ್ಕಿಗೆ ತೆಗೆದು ಬೇರೆ ಊರಿನಲ್ಲಿಯೋ ಎತ್ತರದ ಕಟ್ಟಡದಲ್ಲಿಯೋ ಇಡಬಹುದು.

ಇನ್ನು ನಿತ್ಯದ ನಿಗಾ. ಡಿಸ್ಕು ಹೊರಬಿದ್ದಾಗ ಮಿಂಚಂಚೆ ಕಳುಹಿಸುವ ‘ಮಾನಿಟರ್’ ವ್ಯವಸ್ಥೆ ರೇಡಿನಲ್ಲಿಯೇ ಇದೆ. ಆದರೆ ಬಹಳ ಕಡೆ ಆ ಪತ್ರ ಹೋಗುವುದು ಅದೇ ಯಂತ್ರದೊಳಗಿನ ಮೇಲ್ವಿಚಾರಕನ ಖಾತೆಗೆ, ಅದನ್ನು ತೆರೆಯುವವರು ಯಾರೂ ಇಲ್ಲ. ಪ್ರಾಯೋಗಿಕ ಸಂದೇಶವೊಂದನ್ನು ಕಳುಹಿಸಿ ಅದು ಮನುಷ್ಯರೊಬ್ಬರ ಮೊಬೈಲಿಗೆ ತಲುಪುತ್ತದೆಯೇ ಎಂದು ನೋಡಬೇಕು. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಲಿನಕ್ಸ್ ಆವೃತ್ತಿಗಳಲ್ಲಿ ತಿಂಗಳಿಗೊಮ್ಮೆ, ಮೊದಲ ಭಾನುವಾರ, ಸಮೂಹದ ಪ್ರತಿ ಸೆಕ್ಟರನ್ನೂ ಓದಿ ತಾಳೆ ನೋಡುವ ವ್ಯವಸ್ಥೆ ಸ್ವಯಂ ನಡೆಯುತ್ತದೆ. ಸರ್ವರು ನಿಧಾನವಾಗುತ್ತದೆಂದು ಕೆಲವರು ಅದನ್ನು ನಿಲ್ಲಿಸಿಬಿಡುತ್ತಾರೆ. ಡಿಸ್ಕು ಬದಲಿಸುವ ಹಿಂದಿನ ವಾರ ಈ ತಪಾಸಣೆಯೊಂದು ನಿರ್ವಿಘ್ನವಾಗಿ ಮುಗಿದಿದ್ದರೆ ಮೇಲೆ ಹೇಳಿದ ಎರಡು ಡಿಸ್ಕಿನ ಸಂಕಟ ಎದುರಾಗುವ ಸಂಭವ ಬಹುಮಟ್ಟಿಗೆ ತಗ್ಗುತ್ತದೆ.

ತೆಗೆದ ಹಳೆಯ ಡಿಸ್ಕುಗಳನ್ನು ಒಡನೆ ಮಾರಬಾರದು, ಬೇರೆ ಕೆಲಸಕ್ಕೂ ಹಚ್ಚಬಾರದು. ಯಾವುದು ಎಷ್ಟನೆಯ ಸ್ಥಾನದಲ್ಲಿತ್ತು, ಯಾವ ದಿನ ಎಷ್ಟು ಗಂಟೆಗೆ ತೆಗೆದದ್ದು ಎಂಬ ಚೀಟಿ ಅಂಟಿಸಿ ಕಪಾಟಿನಲ್ಲಿಡಬೇಕು. ಬದಲಾವಣೆಯ ಅವಧಿಯಲ್ಲಿ ಸಮೂಹಕ್ಕೆ ಹೊಸದೇನೂ ಬರೆಯದಂತೆ ನೋಡಿಕೊಂಡಿದ್ದರೆ, ಹೊಸ ಡಿಸ್ಕುಗಳು ಕೈಕೊಟ್ಟ ಪಕ್ಷದಲ್ಲಿ ಈ ನಾಲ್ಕರಿಂದಲೇ ಹಳೆಯ ಸ್ಥಿತಿಯನ್ನು ಮರಳಿ ಪಡೆಯಲು ಯತ್ನಿಸಬಹುದು. ಹೊಸ ಸಮೂಹ ಒಂದು ಪೂರ್ಣ ತಪಾಸಣೆಯನ್ನು ದಾಟಿ, ಅದರ ನಕಲೂ ಕೈಯಲ್ಲಿದ್ದ ಮೇಲೆ ಹಳೆಯವನ್ನು ಪೂರ್ತಿಯಾಗಿ ಅಳಿಸಿ ಮಾರಬಹುದು. ಬರಿಯ ಫಾರ್ಮ್ಯಾಟ್ ಮಾಡಿದರೆ ಸಾಲದು, ರೈತರ ಬ್ಯಾಂಕ್ ಖಾತೆಯ ಸಂಖ್ಯೆಗಳು ಅದರ ಕೆಳಗೆ ಹಾಗೆಯೇ ಉಳಿದಿರುತ್ತವೆ.